ಗುಂಡಿ ಬಂದಾಗ ಗುಂಡಿ ಒತ್ತು

೨ ಜೂನ್

ಅಕ್ಕ,

ಫೋನ್ ಮಾಡಬಹುದಿತ್ತು. ಆದರೆ ನಮ್ಮಿಬ್ಬರ ಮಾತು ಮೂರು ನಿಮಿಷ ದಾಟಿದರೆ ನಾಲ್ಕನೆಯದರಲ್ಲಿ ಜಗಳ. ‘ನಿಮಗೆ ಮುಖ್ಯವಾದ ವಿಷಯ ಇದ್ರೆ ಬರೆದು ತಿಳಿಸಿ, ನನ್ನ ಕಿವಿಯಾದ್ರೂ ಉಳಿಯುತ್ತೆ’ ಎಂದು ಅಮ್ಮ ಹೇಳುತ್ತಿದ್ದಳಲ್ಲ, ಅವಳು ಹೇಳಿದ ಹಾಗೆ ಬರೆಯುತ್ತಿದ್ದೇನೆ.

ವಿಷಯ ಕಪ್ಪಣ್ಣನದು, ನಮ್ಮ ಆಟದ ಕಪ್ಪೆಯದು. ಕಾಗದ ಮಡಚಿಡಬೇಡ, ಪೂರ್ತಿ ಓದು.

ಹಳೆಯ ವಿಡಿಯೋ ಗೇಮುಗಳನ್ನು ಹುಡುಕಿ ಮತ್ತೆ ಬಿಡುಗಡೆ ಮಾಡುವ ಒಂದು ಚಿಕ್ಕ ಕಂಪನಿಯಿದೆ. ಅವರಿಗೆ ಯಾವುದೋ ಗುಜರಿ ಅಂಗಡಿಯಲ್ಲಿ ನಮ್ಮ ‘ಕಪ್ಪಣ್ಣನ ಓಟ’ದ ಕ್ಯಾಸೆಟ್ ಸಿಕ್ಕಿದೆ. ಇಪ್ಪತ್ತು ಹಳೆಯ ಆಟಗಳ ಒಂದು ಸಂಗ್ರಹ ತರುತ್ತಾರಂತೆ, ಅದರಲ್ಲಿ ಕಪ್ಪಣ್ಣನಿಗೂ ಜಾಗ ಕೊಡುತ್ತಾರಂತೆ. ಪೆಟ್ಟಿಗೆಯ ಹಿಂದೆ ಆಟ ನನ್ನದು, ಚಿತ್ರ ನಿನ್ನದು ಎಂದು ನಾವೇ ಹಾಕಿಸಿದ್ದೆವು. ಹಾಗಾಗಿ ಇಬ್ಬರ ಸಹಿಯೂ ಬೇಕು. ಸೆಪ್ಟೆಂಬರ್ ಹತ್ತರೊಳಗೆ ತಲುಪದಿದ್ದರೆ ನಮ್ಮ ಜಾಗಕ್ಕೆ ಬೇರೆ ಆಟ ಬರುತ್ತದೆ. ನಾನು ಸಹಿ ಹಾಕಿದ ಕಾಗದ ಇದರ ಜೊತೆಗಿದೆ.

ನೀನು ಏನು ಹೇಳುತ್ತೀಯ ಎಂದು ಗೊತ್ತು. ಇಪ್ಪತ್ತಾರು ವರ್ಷಗಳಿಂದ ನೆಂಟರು ಸೇರಿದ ಕಡೆಯಲ್ಲೆಲ್ಲ ಹೇಳುತ್ತಲೇ ಬಂದಿದ್ದೀಯ. ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡು. ಆ ಆಟವನ್ನು ನೀನು ಎಷ್ಟು ಹೊತ್ತು ಆಡಿದ್ದೀಯ? ನನಗೆ ನೆನಪಿರುವಂತೆ ಐದು ನಿಮಿಷ. ಮೊದಲನೇ ಗುಂಡಿಗೆ ಬಿದ್ದು ಎದ್ದು ಹೋದವಳು ಮತ್ತೆ ಮುಟ್ಟಲಿಲ್ಲ.

ನಾನು ಇಪ್ಪತ್ತೈದು ವರ್ಷಗಳಿಂದ ಲಿಫ್ಟ್ ರಿಪೇರಿ ಮಾಡುತ್ತಿದ್ದೇನೆ. ಎಲ್ಲವೂ ಬೇರೆಯವರು ಮಾಡಿದ ಯಂತ್ರಗಳು, ನಾನು ತೇಪೆ ಹಾಕುವವನು. ಇದು ನಾನು ಮಾಡಿದ್ದು ಎಂದು ಹೇಳಿಕೊಳ್ಳಲು ಇರುವುದು ಅದೊಂದೇ. ಅದಕ್ಕೆ ನ್ಯಾಯವಾಗಿ ಒಂದು ಅವಕಾಶ ಕೊಡು. ಪೂರ್ತಿ ಆಡು. ಆಮೇಲೂ ಬೇಡ ಅನ್ನಿಸಿದರೆ ಸಹಿ ಹಾಕಬೇಡ, ನಾನು ಇನ್ನೊಂದು ಸಲ ಕೇಳುವುದಿಲ್ಲ.

ಭಾವನಿಗೆ ನಮಸ್ಕಾರ.

ತಮ್ಮ

೯ ಜೂನ್

ತಮ್ಮನಿಗೆ,

ಇಲ್ಲಿ ಎಲ್ಲರ ಆರೋಗ್ಯವೂ ನೆಟ್ಟಗಿದೆ. ನಿನ್ನ ಕಾಗದ ಬರುವವರೆಗೆ ನನ್ನದೂ ನೆಟ್ಟಗಿತ್ತು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಿನಗೆ ಕಪ್ಪೆ ಮುದ್ದು. ಐವತ್ತು ದಾಟಿದರೂ ಬುದ್ಧಿ ಬರಲಿಲ್ಲವಲ್ಲೋ! ಆಟ ಬಂದಾಗ ಆ ಪತ್ರಿಕೆಯಲ್ಲಿ ಏನು ಬರೆದಿದ್ದರು ಎಂಬುದು ನಿನಗೆ ಮರೆತಿರಬಹುದು, ನನಗೆ ಬಾಯಿಪಾಠವಾಗಿದೆ. ‘ಈ ಕಪ್ಪೆಗೆ ಹಾರಲು ಬಾರದು. ಹಾಗೆ ನೋಡಿದರೆ ಇದು ಕಪ್ಪೆಯೇ ಎಂಬ ಬಗ್ಗೆಯೂ ನಮಗೆ ಅನುಮಾನವಿದೆ.’ ಮೊದಲನೇ ವಾಕ್ಯ ನಿನಗೆ, ಎರಡನೆಯದು ನನಗೆ. ಆರು ತಿಂಗಳು ಚೌಕುಳಿ ಹಾಳೆ ಹಿಡಿದು, ಒಂದೊಂದೇ ಚೌಕ ತುಂಬಿ ಬರೆದ ಚಿತ್ರಗಳು ಅವು. ಮುನ್ನೂರು ಕ್ಯಾಸೆಟ್ ಮಾಡಿಸಿದೆವು, ಇನ್ನೂರ ಎಪ್ಪತ್ತು ಮನೆಗೆ ವಾಪಸ್ ಬಂದವು. ಅಮ್ಮ ಮಂಚದ ಕಾಲಿಗೆ ಒತ್ತು ಕೊಡಲು ಅವನ್ನೇ ಇಟ್ಟಿದ್ದಳು. ಆಗ ಒಂದು ಊರಿನವರು ನಕ್ಕಿದ್ದು ಸಾಲದು ಎಂದು ಈಗ ಪ್ರಪಂಚದ ಮುಂದೆ ನಗಿಸಿಕೊಳ್ಳಬೇಕೇ?

ನನ್ನ ಮಾತು ನಿನಗೆ ಚುಚ್ಚುತ್ತದೆ ಎಂದು ಗೊತ್ತು. ನೆಂಟರ ಮುಂದೆ ನಾನು ಆ ಕಥೆ ಹೇಳಿದಾಗ ನೀನೇ ಎಲ್ಲರಿಗಿಂತ ಜೋರಾಗಿ ನಗುತ್ತೀಯಲ್ಲ, ಆದ್ದರಿಂದ ಹೇಳುತ್ತೇನೆ.

ಆದರೆ ನಾನು ನ್ಯಾಯ ತಪ್ಪಿದವಳು ಅನ್ನಿಸಿಕೊಳ್ಳುವುದಿಲ್ಲ. ನಾನು ಕೆಲಸ ಮಾಡುವ ಹಲ್ಲಿನ ಡಾಕ್ಟರ ಹತ್ತಿರ ಸೆಟ್ ಕಟ್ಟಿಸಿಕೊಂಡವರು ಮರುದಿನವೇ ಬಂದು ಸರಿಯಿಲ್ಲ ಎಂದು ಗೊಣಗುತ್ತಾರೆ. ‘ಒಂದು ವಾರ ಹಾಕ್ಕೊಂಡು ನೋಡಿ, ಆಮೇಲೆ ನನ್ನನ್ನ ಬೈಯಿರಿ’ ಎಂದು ನಾನೇ ಕಳಿಸುತ್ತೇನೆ. ಆ ಲೆಕ್ಕದಲ್ಲಿ ನಿನ್ನ ಕಪ್ಪೆಗೂ ಒಂದು ಗಡುವು ಕೊಡಬೇಕಾಗುತ್ತದೆ. ದಿನಕ್ಕೆ ಅರ್ಧ ಗಂಟೆ, ಕೆಲಸದಿಂದ ಬಂದ ಮೇಲೆ. ಒಂದು ನಿಮಿಷ ಹೆಚ್ಚಿಲ್ಲ. ಯಂತ್ರ ಕಳಿಸು.

ಅಕ್ಕ

೧೫ ಜೂನ್

ಅಕ್ಕ,

ಯಂತ್ರ, ರಿಮೋಟು, ಕ್ಯಾಸೆಟ್ ಎಲ್ಲವನ್ನೂ ನನ್ನ ಹಳೆಯ ಯೂನಿಫಾರ್ಮಿನಲ್ಲಿ ಸುತ್ತಿ ಪಾರ್ಸೆಲ್ ಮಾಡಿದ್ದೇನೆ. ಯೂನಿಫಾರ್ಮ್ ಒಗೆದದ್ದೇ, ಮೂಗು ಮುಚ್ಚಿಕೊಳ್ಳಬೇಡ. ಚಿತ್ರ ಬರದಿದ್ದರೆ ಕ್ಯಾಸೆಟ್ ತೆಗೆದು ಅದರ ಬಾಯಿಗೆ ಒಂದು ಸಲ ಊದಿ ಮತ್ತೆ ಹಾಕು.

ಸೂಚನೆಯ ಚೀಟಿ ನನ್ನ ಹತ್ತಿರ ಉಳಿದಿಲ್ಲ. ಬೇಕಾಗಿಯೂ ಇಲ್ಲ. ಆಡುತ್ತ ಆಡುತ್ತ ಕೈಗೆ ತಾನಾಗಿ ತಿಳಿಯುತ್ತದೆ. ಅವಸರ ಮಾಡಬೇಡ, ಅಷ್ಟೇ.

ತಮ್ಮ

೨೮ ಜೂನ್

ತಮ್ಮನಿಗೆ,

ಕ್ಷೇಮದ ಮಾತು ಕೊನೆಗಿರಲಿ, ಮೊದಲು ಕಪ್ಪೆ.

ಚೀಟಿ ಕಳೆದುಕೊಂಡೆ ಎಂದು ಆರಾಮಾಗಿ ಬರೆದಿದ್ದೀಯ. ನಾನು ನಿನ್ನ ಹಾಗಲ್ಲ. ಬೀರುವಿನ ಮೇಲಿನ ಖಾನೆಯಲ್ಲಿ ಒಡೆಯದ ಪೆಟ್ಟಿಗೆಯೊಂದಿತ್ತು, ಅದರೊಳಗೆ ಚೀಟಿಯೂ ಇತ್ತು. ಗರಿಗರಿಯಾಗಿದೆ. ಅದರಲ್ಲಿ ಸ್ಪಷ್ಟವಾಗಿ ಬರೆದಿದೆ: ‘ಗುಂಡಿ ಬಂದಾಗ ಗುಂಡಿ ಒತ್ತು.’

ಗುಂಡಿ ಬಂತು. ಗುಂಡಿ ಒತ್ತಿದೆ. ಗುಂಡಿಗೆ ಬಿದ್ದೆ.

ಹೀಗೆ ಹತ್ತು ದಿನ. ಒಂದೊಂದು ಸಲ ಕಪ್ಪೆ ಬಿಕ್ಕಳಿಕೆ ಬಂದವರ ಹಾಗೆ ಒಂದು ಅಂಗುಲ ಎದ್ದು ಅಲ್ಲೇ ಬೀಳುತ್ತದೆ. ಒಂದೊಂದು ಸಲ ಅದೂ ಇಲ್ಲ, ನಡೆದುಕೊಂಡು ಹೋಗಿ ನೇರ ಗುಂಡಿಯೊಳಗೆ ಇಳಿಯುತ್ತದೆ, ಒಳಗೆ ಏನೋ ಕೆಲಸವಿರುವ ಹಾಗೆ. ಬಿದ್ದಾಗಲೆಲ್ಲ ನಾಲ್ಕು ಸ್ವರದ ಒಂದು ರಾಗ ಬರುತ್ತದಲ್ಲ, ಆ ದರಿದ್ರ ರಾಗ ಈಗ ನನ್ನ ತಲೆಯೊಳಗೆ ಮನೆ ಮಾಡಿದೆ. ನಿನ್ನೆ ಮೇಣದಲ್ಲಿ ಹಲ್ಲು ಕೂರಿಸುವಾಗ ಅದನ್ನೇ ಗುನುಗುತ್ತಿದ್ದೆನಂತೆ. ‘ಏನಮ್ಮಾ, ಖುಷಿಯಾಗಿದ್ದೀರಿ?’ ಎಂದರು ಡಾಕ್ಟರು.

ಇನ್ನು ಆ ಬಣ್ಣಗಳು. ಹಸಿರು ಕಪ್ಪೆ, ಹಿಂದೆ ಹಸಿರು ಹುಲ್ಲು. ಕಪ್ಪೆ ಎಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ಆಟ ಮುಗಿಯುತ್ತದೆ. ಬಣ್ಣ ಆರಿಸಿದ್ದು ನಾನೇ, ಗೊತ್ತು, ನೀನು ಬಾಯಿ ತೆಗೆಯಬೇಡ.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಎಂದು ನೀನು ಅಲ್ಲಿ ಕೂತು ನಗುತ್ತಿರಬಹುದು. ಕೇಳು. ಈ ಬೆರಳುಗಳು ಒಂದು ಕೂದಲೆಳೆ ವ್ಯತ್ಯಾಸವಿಲ್ಲದೆ ಇಪ್ಪತ್ತೆಂಟು ಹಲ್ಲು ಕೂರಿಸುತ್ತವೆ. ನನ್ನ ಕೈ ತಪ್ಪುವುದಿಲ್ಲ. ನಿನ್ನ ನೆಲವೇ ಡೊಂಕು.

ಇಲ್ಲಿ ಎಲ್ಲರೂ ಕ್ಷೇಮ.

ಅಕ್ಕ

೪ ಜುಲೈ

ಅಕ್ಕ,

ಚೀಟಿಯನ್ನು ಅತ್ತ ಬಿಸಾಕು ಎಂದು ಕೈ ಮುಗಿದು ಕೇಳುತ್ತೇನೆ. ಚೀಟಿ ನೋಡಿಕೊಂಡು ಯಾರಾದರೂ ಆಟ ಆಡುತ್ತಾರಾ?

ನಾನು ನೋಡಿಕೊಳ್ಳುವ ಕಟ್ಟಡವೊಂದರಲ್ಲಿ ಐದನೇ ಮಹಡಿಯ ಹೆಂಗಸೊಬ್ಬರಿದ್ದಾರೆ. ಲಿಫ್ಟಿನ ಗುಂಡಿಯನ್ನು ಒಂದು ಸಲ ಒತ್ತಿ ಸುಮ್ಮನಿರುವುದಿಲ್ಲ. ಟಕಟಕಟಕ ಎಂದು ಇಪ್ಪತ್ತು ಸಲ ಒತ್ತುತ್ತಾರೆ. ಲಿಫ್ಟ್ ಬೇಗ ಬರುವುದಿಲ್ಲ, ಗುಂಡಿ ಬೇಗ ಹಾಳಾಗುತ್ತದೆ, ಆಮೇಲೆ ನನ್ನನ್ನು ಕರೆಸಿ ‘ನಿಮ್ಮ ಲಿಫ್ಟ್ ಸರಿಯಿಲ್ಲ’ ಎನ್ನುತ್ತಾರೆ. ನಿನ್ನ ಕಾಗದ ಓದುವಾಗ ಅವರದೇ ನೆನಪಾಯಿತು. ತಪ್ಪು ತಿಳಿಯಬೇಡ. ತಿಳಿದರೂ ಪರವಾಗಿಲ್ಲ.

ಬೆರಳಿಗೆ ಒತ್ತುವುದೊಂದೇ ಕೆಲಸವಲ್ಲ. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ. ಹೇಳಿಕೊಟ್ಟರೆ ಅದು ಅವಕಾಶ ಕೊಟ್ಟ ಹಾಗಾಗುವುದಿಲ್ಲ.

ಇನ್ನೊಂದು ವಾರ ಆಡು, ಅಕ್ಕ. ಒಂದೇ ವಾರ.

ತಮ್ಮ

೧೧ ಜುಲೈ

ತಮ್ಮನಿಗೆ,

ಕಪ್ಪೆ ಹಾರಿತು. ಹಾರಿಸಿದ್ದು ನಾನಲ್ಲ, ನಿನ್ನ ಭಾವ.

ಭಾನುವಾರ ಮಧ್ಯಾಹ್ನ ನಾನು ರಿಮೋಟನ್ನು ಸೋಫಾದ ಮೇಲೆ ಎಸೆದು ಟೀ ಮಾಡಲು ಎದ್ದೆ. ಮೂವತ್ತೈದು ವರ್ಷ ಬಸ್ ಓಡಿಸಿ ನಿವೃತ್ತರಾದ ಮನುಷ್ಯ, ಜನ್ಮದಲ್ಲಿ ಒಂದು ವಿಡಿಯೋ ಗೇಮ್ ಮುಟ್ಟಿದವರಲ್ಲ. ‘ಕೊಡು ನೋಡೋಣ’ ಎಂದು ಎತ್ತಿಕೊಂಡರು. ನಾನು ಲೋಟ ಹಿಡಿದು ಬರುವಷ್ಟರಲ್ಲಿ ಕಪ್ಪೆ ಎರಡು ಗುಂಡಿ ದಾಟಿ ಮೂರನೆಯದರ ಮೇಲೆ ಗಾಳಿಯಲ್ಲಿತ್ತು. ನನ್ನ ಕೈಯಿಂದ ಟೀ ಚೆಲ್ಲಿತು.

‘ಏನ್ರೀ ಮಾಡಿದ್ರಿ?’ ಎಂದೆ.

‘ಇದು ಕ್ಲಚ್ ಇದ್ದ ಹಾಗಿದೆ ಕಣೇ,’ ಎಂದರು. ‘ಮುಂಚೇನೇ ಒತ್ತಿ ಹಿಡ್ಕೋಬೇಕು. ಸಮಯ ನೋಡಿ ಬಿಡಬೇಕು. ಬಿಟ್ರೆ ತಾನೇ ಗಾಡಿ ಹೊರಡೋದು?’

ಮೂರು ವಾರ ನಾನು ತಲೆ ಚಚ್ಚಿಕೊಂಡದ್ದನ್ನು ಈ ಮನುಷ್ಯ ಒಂದು ಲೋಟ ಟೀ ಕುದಿಯುವಷ್ಟರಲ್ಲಿ ಕಂಡುಹಿಡಿದರು. ಈಗ ಮನೆಯಲ್ಲಿ ಅವರ ಗತ್ತು ನೋಡಲಾಗುವುದಿಲ್ಲ. ನಾನು ಆಡುವಾಗ ಪಕ್ಕದಲ್ಲಿ ಕೂತು ‘ಹಿಡಿ, ಹಿಡಿ, ಹಾಂ, ಈಗ ಬಿಡು’ ಎಂದು ಪಾಠ ಹೇಳುತ್ತಾರೆ.

ಅವರು ಹೇಳಿದ್ದು ನಿಜ. ಹೆಚ್ಚು ಹೊತ್ತು ಹಿಡಿದರೆ ದೊಡ್ಡ ನೆಗೆತ, ಕಡಿಮೆ ಹಿಡಿದರೆ ಚಿಕ್ಕದು. ಟಕ್ಕೆಂದು ಒತ್ತಿ ತೆಗೆದರೆ ಬಿಕ್ಕಳಿಕೆ. ಹಾಗಾದರೆ ಇದು ಯಂತ್ರದ ದೋಷವಲ್ಲ, ನೀನು ಬೇಕೆಂದೇ ಹಾಗೆ ಮಾಡಿದ್ದು. ಸರಿ ತಾನೇ? ಸರಿಯಾದರೆ ಅದನ್ನು ಚೀಟಿಯಲ್ಲಿ ಬರೆಯಲು ನಿನಗೆ ಏನು ಧಾಡಿಯಾಗಿತ್ತು? ‘ಬಿಡು’ ಎಂಬ ಎರಡಕ್ಷರ! ಅದರ ಬದಲು ‘ಒತ್ತು’ ಎಂದು ಬರೆದ ಕತ್ತೆ ಯಾರು? ನೀನೇ ಅಲ್ಲವೇ? ನಾಲ್ಕು ಸಾಲು ಬರೆದರೆ ಆರು ಕಾಗುಣಿತದ ತಪ್ಪು ಮಾಡುತ್ತಿದ್ದವನು ನೀನು, ನಿನ್ನ ಬರಹವನ್ನೆಲ್ಲ ತಿದ್ದಿ ತಿದ್ದಿ ನನಗೆ ಸಾಕಾಗಿತ್ತು. ಆ ಒಂದು ತಪ್ಪು ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲವೋ!

ಇದಕ್ಕೆ ಉತ್ತರ ಬೇಕು. ಬೇಗ ಬರೆ.

ಅಕ್ಕ

೨೯ ಜುಲೈ

ಅಕ್ಕ,

ತಡವಾಯಿತು. ಒಂದು ಆಸ್ಪತ್ರೆಯ ಲಿಫ್ಟು ಎರಡು ಮಹಡಿಗಳ ನಡುವೆ ನಿಲ್ಲುವ ಚಾಳಿ ಹಿಡಿದಿತ್ತು. ವಾರಗಟ್ಟಲೆ ಅದರ ಬುಡದಲ್ಲೇ ಕೂತಿದ್ದೆ.

ಭಾವನಿಗೆ ಶಹಬ್ಬಾಸ್ ಹೇಳು. ಇಪ್ಪತ್ತಾರು ವರ್ಷಗಳಲ್ಲಿ ಹೇಳಿಕೊಡದೆ ಕಂಡುಹಿಡಿದವರು ಅವರೊಬ್ಬರೇ.

ಚೀಟಿಯ ವಿಷಯ ನನಗೆ ಸರಿಯಾಗಿ ನೆನಪಿಲ್ಲ. ಅಚ್ಚಾಗುವಾಗ ಏನೋ ಹೆಚ್ಚುಕಡಿಮೆ ಆಗಿರಬೇಕು. ಹಳೆಯ ಕಥೆ, ಬಿಟ್ಟುಬಿಡು. ಎಷ್ಟನೇ ಹಂತಕ್ಕೆ ಬಂದೆ? ಎರಡನೆಯದರಲ್ಲಿ ನೀರಿನ ಪೈಪುಗಳ ಮೇಲೆ ಹಾರುವಾಗ ಕೆಳಗೆ ನೋಡು. ನೀನು ಬರೆದ ಚಿತ್ರಗಳಲ್ಲೆಲ್ಲ ನನಗೆ ಅದೇ ಇಷ್ಟ.

ತಮ್ಮ

೫ ಆಗಸ್ಟ್

ತಮ್ಮನಿಗೆ,

ಹದಿನೆಂಟು ದಿನ ಕಾಯಿಸಿ ಹನ್ನೆರಡು ಸಾಲು ಬರೆದಿದ್ದೀಯ. ಇರಲಿ, ಇವತ್ತು ನಿನ್ನ ಮೇಲೆ ಸಿಟ್ಟಿಲ್ಲ.

ಎರಡನೇ ಹಂತ ದಾಟಿದೆ. ಪೈಪುಗಳ ಮೇಲೆ ಒಂದು ಕಡೆ ಉಸಿರು ಬಿಗಿಹಿಡಿದು ಗುಂಡಿ ಅದುಮಿ, ಅಂಚಿಗೆ ಬಂದಾಗ ಬಿಟ್ಟರೆ ಕಪ್ಪೆ ಮೂರು ಪೈಪು ಒಟ್ಟಿಗೆ ದಾಟುತ್ತದೆ. ಆ ನೆಗೆತದ ನಡುವೆ ಕೈಗೆ ಮಾಡಲು ಏನೂ ಕೆಲಸವಿರುವುದಿಲ್ಲ, ಸುಮ್ಮನೆ ನೋಡುತ್ತಿರಬೇಕು. ನಿನ್ನೆ ಅದೊಂದನ್ನೇ ಆರು ಸಲ ಮಾಡಿದೆ. ಅರ್ಧ ಗಂಟೆಯ ನಿಯಮ ಮುರಿಯಿತು. ಆಟ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಮೂರನೇ ಹಂತದಲ್ಲಿ ಬೆನ್ನ ಹಿಂದಿನಿಂದ ಬಂದು ಕುಕ್ಕುವ ಆ ಹದ್ದನ್ನು ಯಾವ ಜನ್ಮದ ಸೇಡಿಗೆ ಇಟ್ಟೆಯೋ! ಕಾಣದಿರುವುದನ್ನು ತಪ್ಪಿಸಿಕೊಳ್ಳುವುದು ಹೇಗೆ? ನಿನ್ನ ಭಾವ ಕೂಡ ಅದಕ್ಕೆ ಬಸ್ಸಿನ ಉದಾಹರಣೆ ಕೊಡಲಾರದೆ ಎದ್ದು ಪೇಪರ್ ಹುಡುಕಲು ಹೋದರು.

ಈಗ ನಿಜವಾದ ವಿಷಯ. ನೀನು ಅಚ್ಚಿನ ತಪ್ಪು ಎಂದು ಬರೆದದ್ದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಪ್ರೆಸ್ಸಿನವರು ಮಾಡಿದ ಎರಡಕ್ಷರದ ತಪ್ಪಿಗೆ ನಿನ್ನ ಕಪ್ಪೆ ಕೆಟ್ಟ ಹೆಸರು ಹೊತ್ತುಕೊಂಡಿತು. ಅದನ್ನು ಇಟ್ಟುಕೊಂಡು ‘ನಮ್ಮ ತಮ್ಮ ಒಂದು ಕಪ್ಪೆ ಮಾಡಿದ್ದ, ಅದಕ್ಕೆ ಹಾರೋಕೇ ಬರ್ತಿರಲಿಲ್ಲ’ ಎಂದು ನಾನು ಎಷ್ಟು ಜನರನ್ನು ನಗಿಸಿದ್ದೇನೆ!

ಆ ಪ್ರೆಸ್ಸಿನ ಯಜಮಾನರು ಇನ್ನೂ ಇದೇ ಊರಿನಲ್ಲಿದ್ದಾರೆ, ಎಂಬತ್ತರ ಹತ್ತಿರ ವಯಸ್ಸು. ದೇವರು ದೊಡ್ಡವನು, ಅವರಿಗೆ ಹಲ್ಲಿನ ಸೆಟ್ ಕಟ್ಟುತ್ತಿರುವುದು ನಾನೇ. ಅವರ ದವಡೆಯ ಅಚ್ಚು ಈಗ ನನ್ನ ಮೇಜಿನ ಮೇಲಿದೆ. ಹದಿಮೂರನೇ ತಾರೀಕು ಅಳತೆ ನೋಡಲು ಬರುತ್ತಾರೆ. ಬರಲಿ, ಮಾತಾಡುತ್ತೇನೆ.

ಅಕ್ಕ

೧೦ ಆಗಸ್ಟ್

ಅಕ್ಕ,

ಪ್ರೆಸ್ಸಿನವರನ್ನು ಏನೂ ಕೇಳಬೇಡ. ವಯಸ್ಸಾದವರು. ಅವರ ತಪ್ಪೇನೂ ಇಲ್ಲ. ಹೇಗೆ ಗೊತ್ತು ಎಂದು ಕೇಳಬೇಡ, ದಯವಿಟ್ಟು.

ತಮ್ಮ

೧೬ ಆಗಸ್ಟ್

ಲೋ,

ನಿನ್ನ ಮೂರು ಸಾಲು ಇವತ್ತು ತಲುಪಿದವು. ಮೂರು ದಿನ ತಡ.

ಪ್ರೆಸ್ಸಿನವರು ಹೇಳಿದ ದಿನವೇ ಬಂದರು. ಕುರ್ಚಿಯಲ್ಲಿ ಕೂತು ಬಾಯಿ ತೆರೆದಿದ್ದೇ ತಡ, ನಾನು ಶುರು ಮಾಡಿದೆ. ‘ಎರಡಕ್ಷರ ನೆಟ್ಟಗೆ ಜೋಡಿಸೋಕೆ ಬರಲಿಲ್ವಾ ನಿಮಗೆ? ನಿಮ್ಮಿಂದ ನನ್ನ ತಮ್ಮನ ದಾರೀನೇ ತಪ್ಪಿಹೋಯ್ತು’ ಎಂದೆ. ಒಳಗಿನಿಂದ ಡಾಕ್ಟರು ಬಗ್ಗಿ ನೋಡಿದರು. ಬಾಯಲ್ಲಿ ಒಂದು ಹಲ್ಲೂ ಇಲ್ಲದ ಆ ಹಿರಿಯರು ಅಳತೆಯೂ ಬೇಡ ಎಂದು ಕೈಯಾಡಿಸಿ ಎದ್ದು ಹೋದರು. ಗೆದ್ದೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿದ್ದರು. ತೊಡೆಯ ಮೇಲೆ ದಪ್ಪ ಫೈಲು.

‘ನಲವತ್ತು ವರ್ಷ ಪ್ರೆಸ್ ನಡೆಸಿದೀನಮ್ಮ,’ ಎಂದರು, ಗಾಳಿ ತುಂಬಿದ ಮಾತಿನಲ್ಲಿ. ‘ಗಿರಾಕಿ ಒಪ್ಪಿ ಸಹಿ ಹಾಕಿದ ಕರಡು ಒಂದನ್ನೂ ಬಿಸಾಕಿಲ್ಲ. ಒಂದಿನ ಯಾರಾದ್ರೂ ತಪ್ಪು ನಿಮ್ದು ಅಂತ ಬರ್ತಾರೆ ಅಂತ ಗೊತ್ತಿತ್ತು. ಇಷ್ಟು ತಡವಾಗಿ ಬರ್ತಾರೆ ಅಂತ ಗೊತ್ತಿರಲಿಲ್ಲ.’

ನಮ್ಮ ಚೀಟಿಯ ಕರಡು ತೆಗೆದು ನನ್ನ ಕೈಗಿಟ್ಟರು. ನೀನು ಬರೆದದ್ದು ಹೀಗಿತ್ತು: ‘ಗುಂಡಿ ಅದುಮಿ ಹಿಡಿ. ಗುಂಡಿ ಬಂದಾಗ ಗುಂಡಿ ಬಿಡು.’ ಮೊದಲ ವಾಕ್ಯದ ಮೇಲೆ ಕೆಂಪು ಗೀಟು. ಎರಡನೆಯದರಲ್ಲಿ ‘ಬಿಡು’ ಹೊಡೆದು ‘ಒತ್ತು’. ಪಕ್ಕದಲ್ಲಿ ಅದೇ ಕೆಂಪು ಶಾಯಿಯಲ್ಲಿ, ‘ಗುಂಡಿ ಬಿಟ್ಟರೆ ಯಾರಾದರೂ ಹಾರುತ್ತಾರೇನೋ ದಡ್ಡ?’ ಕೆಳಗೆ, ‘ಸರಿಯಿದೆ, ಅಚ್ಚು ಹಾಕಿ’ ಎಂದು ನನ್ನ ಸಹಿ. ಆ ಸಹಿ ಹಾಕಲು ನನಗೆ ಒಂದು ನಿಮಿಷವೂ ಯೋಚನೆ ಬೇಕಾಗಿರಲಿಲ್ಲ, ನೋಡು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ. ಅವರ ಕಾಲು ಹಿಡಿಯುವುದೊಂದು ಬಾಕಿ. ‘ಹಲ್ಲು ಗಟ್ಟಿಯಾಗಿ ಕೂರಿಸಮ್ಮ, ಸಾಕು’ ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

ಈಗ ನೀನು. ನಿನಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ಚೀಟಿ ಕಳೆದುಹೋಯಿತು, ನೆನಪಿಲ್ಲ, ಅಚ್ಚಿನ ತಪ್ಪು, ಎಷ್ಟು ಸುಳ್ಳು ಹೇಳಿದೆ! ಅದೂ ಇರಲಿ. ಇಪ್ಪತ್ತಾರು ವರ್ಷ ನಾನು ನಾಲ್ಕು ಜನರ ಮುಂದೆ ನಿನ್ನನ್ನು ಆಡಿಕೊಂಡೆ, ನೀನು ಜೊತೆಗೆ ಕೂತು ನಕ್ಕೆ. ಒಳಗೊಳಗೆ ಏನಂದುಕೊಳ್ಳುತ್ತಿದ್ದೆ? ಪಾಪ, ಅಕ್ಕನಿಗೆ ಗೊತ್ತಿಲ್ಲ, ನಾನು ದೊಡ್ಡ ಮನಸ್ಸಿನವನು ಎಂದು? ನಾನೇನು ಗಾಜಿನ ಗೊಂಬೆಯೇ, ಒಂದು ಮಾತು ಹೇಳಿದರೆ ಒಡೆದುಹೋಗಲು? ನನ್ನನ್ನು ಕಾಪಾಡು ಎಂದು ನಿನಗೆ ಯಾರು ಹೇಳಿದ್ದರು?

ಆಟಕ್ಕೆ ನ್ಯಾಯವಾಗಿ ಒಂದು ಅವಕಾಶ ಕೊಡು ಎಂದು ನನ್ನನ್ನು ಗೋಗರೆದೆಯಲ್ಲ, ನನಗೆ ಒಂದು ಅವಕಾಶ ಕೊಟ್ಟೆಯಾ? ತಪ್ಪು ಮಾಡಿದೆ ಎಂದು ತಿಳಿದುಕೊಳ್ಳಲು, ‘ತಪ್ಪಾಯಿತು’ ಎನ್ನಲು? ನನಗೆ ನಾಚಿಕೆಯಾಗುತ್ತಿದೆ. ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದೆ. ಯಾವುದು ಎಲ್ಲಿ ಮುಗಿಯುತ್ತದೆ ಎಂದು ತಿಳಿಯುತ್ತಿಲ್ಲ.

ತಪ್ಪಾಯಿತು ಕಣೋ.

ಆಟ ಪೂರ್ತಿ ಮುಗಿಸಿದೆ. ಮೂರನೇ ಹಂತ ದರಿದ್ರ. ಐದನೆಯದು ಉದ್ದ ಹೆಚ್ಚಾಯಿತು. ರಾಗ ಯಾರೂ ಕೇಳಬಾರದು. ಆದರೆ ಆ ನೆಗೆತ ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಇದು ಅಕ್ಕನ ಮಾತಲ್ಲ, ಎರಡು ತಿಂಗಳು ಬಿದ್ದು ಬಿದ್ದು ಆಡಿದವಳ ಮಾತು.

ಸಹಿಯ ಕಾಗದ ಮೇಜಿನ ಮೇಲಿದೆ, ಸಹಿ ಹಾಕಿಲ್ಲ. ನೀನು ನನಗೆ ಒಂದು ಕಾಗದ ಬರೆಯಬೇಕು. ಆಗ ಬರೆಯಬೇಕಾಗಿದ್ದ ಕಾಗದ. ಬೈದು ಬರೆ. ‘ಪರವಾಗಿಲ್ಲ ಅಕ್ಕ’ ಎಂಬ ಮಾತು ಕಂಡರೆ ಎರಡು ಕಾಗದವನ್ನೂ ಸೇರಿಸಿ ಹರಿದು ಹಾಕುತ್ತೇನೆ. ನಾನು ಹೇಳಿದ್ದನ್ನು ಮಾಡುವವಳು ಎಂದು ನಿನಗೆ ಗೊತ್ತು.

ಅಕ್ಕ

೨೭ ಆಗಸ್ಟ್

ಅಕ್ಕ,

ನಾಲ್ಕು ಹಾಳೆ ಹರಿದೆ. ನಾಲ್ಕೂ ‘ಪರವಾಗಿಲ್ಲ’ ಎಂದೇ ಶುರುವಾಗಿದ್ದವು. ಇದು ಐದನೆಯದು.

ನೀನು ನನ್ನನ್ನು ಒಂದು ಮಾತು ಕೇಳದೆ ತಿದ್ದಿದೆ. ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ಬಾಗಿಲಿಗೆ ಬಂದು ‘ಇದೇನೋ ಇದು?’ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಆ ಒಂದು ನೆಗೆತಕ್ಕೆ ನಾನು ನಾಲ್ಕು ತಿಂಗಳು ಕೂತಿದ್ದೆ. ಕಪ್ಪೆ ಮೊದಲು ಕುಗ್ಗುತ್ತದೆ, ಆಮೇಲೆ ಚಿಮ್ಮುತ್ತದೆ, ಆಡುವವರ ಬೆರಳಿಗೂ ಹಾಗೇ ಅನ್ನಿಸಬೇಕು ಎಂದು ಹಗಲೆಲ್ಲ ಅದನ್ನೇ ಬರೆದು ಅಳಿಸಿದೆ. ನಿನಗೆ ಅದು ಕಾಗುಣಿತದ ತಪ್ಪಿನ ಹಾಗೆ ಕಂಡಿತು. ನನಗೆ ಏನೂ ಗೊತ್ತಿರುವುದಿಲ್ಲ ಎಂದು ನೀನು ಮೊದಲೇ ತೀರ್ಮಾನ ಮಾಡಿದ್ದೆ. ಯಾವಾಗಲೂ ಹಾಗೆಯೇ ಮಾಡುತ್ತೀಯ.

ಕಪ್ಪೆ ಕುಗ್ಗಿ ಕೂತ ಒಂದು ಚಿತ್ರ ಬರೆದುಕೊಡು ಎಂದು ಮೂರು ಸಲ ಕೇಳಿದ್ದೆ. ಅದು ಇದ್ದಿದ್ದರೆ ಚೀಟಿ ತಪ್ಪಾಗಿದ್ದರೂ ಜನರಿಗೆ ತಿಳಿಯುತ್ತಿತ್ತು. ಕಕ್ಕಸಿಗೆ ಕೂತ ಹಾಗೆ ಕಾಣುತ್ತದೆ ಎಂದು ಬರೆದದ್ದನ್ನು ನೀನೇ ಹರಿದೆ. ಕಾಣಲಿ ಬಿಡು! ಕಪ್ಪೆ ಕೂರುವುದೇ ಹಾಗೆ!

ಅಂಗಡಿಯಲ್ಲಿ ಪೆಟ್ಟಿಗೆ ಒಡೆದು ಚೀಟಿ ನೋಡಿದ ದಿನ ನಿನ್ನನ್ನು ಬೈಯಬೇಕೆಂದೇ ಮನೆಗೆ ಓಡಿಬಂದೆ. ನೀನು ಪತ್ರಿಕೆಯವರ ಜೊತೆ ಫೋನಿನಲ್ಲಿ ನನ್ನ ಪರವಾಗಿ ಜಗಳವಾಡುತ್ತಿದ್ದೆ. ‘ನನ್ನ ತಮ್ಮ ಎಷ್ಟು ಕಷ್ಟ ಪಟ್ಟಿದಾನೆ ಗೊತ್ತಾ ನಿಮಗೆ’ ಎಂದು ಅಳುತ್ತಿದ್ದೆ. ನಾನು ಬಾಯಿ ಮುಚ್ಚಿಕೊಂಡೆ. ಅದು ನಿನ್ನ ಮೇಲಿನ ಪ್ರೀತಿ. ಅಲ್ಲಿಯವರೆಗೆ ಸರಿ.

ಆಮೇಲಿನದು ಬರೀ ಪ್ರೀತಿಯಲ್ಲ. ನೀನು ನೆಂಟರ ಮುಂದೆ ನನ್ನನ್ನು ಆಡಿಕೊಂಡಾಗಲೆಲ್ಲ ನಿನ್ನ ತಪ್ಪು ನನ್ನ ಜೇಬಿನಲ್ಲಿದೆ ಎಂಬ ಒಂದು ಸುಖ ನನಗಿತ್ತು. ನೀನು ಊಹಿಸಿದ್ದು ಸರಿ. ಆದರೆ ಮನೆಗೆ ಬಂದ ಮೇಲೆ ಆ ಸುಖ ಉಳಿಯುತ್ತಿರಲಿಲ್ಲ, ನಕ್ಕವರ ಮುಖಗಳು ಮಾತ್ರ ಉಳಿಯುತ್ತಿದ್ದವು. ನಿನ್ನ ಸೊಸೆಯೂ ಒಂದು ಸಲ ಅವರ ಜೊತೆ ಸೇರಿ ನಕ್ಕಳು. ನನ್ನ ಮಗಳು, ಅಕ್ಕ. ಅವತ್ತು ನನಗೆ ತುಂಬಾ ನೋವಾಯಿತು.

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಕಪ್ಪಣ್ಣನ ನಂತರ ಇನ್ನೊಂದು ಆಟ ಮಾಡಬೇಕೆಂದು ಅರ್ಧ ಬರೆದಿದ್ದೆ. ಅದಕ್ಕೆ ಚಿತ್ರ ಬೇಕಿತ್ತು. ನಿನ್ನನ್ನು ಕೇಳಬೇಕಾಗುತ್ತದೆ, ಕೇಳಿದರೆ ಇದೆಲ್ಲ ಬಾಯಿಗೆ ಬಂದುಬಿಡುತ್ತದೆ ಎಂದು ನಿಲ್ಲಿಸಿದೆ. ಜನ ನಕ್ಕರು ಎಂದು ನಾನು ಬಿಟ್ಟೆ ಅಂತ ನೀವೆಲ್ಲ ಅಂದುಕೊಂಡಿದ್ದೀರಿ. ಜನರಿಗಲ್ಲ, ನಿನಗೆ ಹೆದರಿ ಬಿಟ್ಟೆ. ಅದಕ್ಕೆ ನಿನ್ನ ಮೇಲೂ ಸಿಟ್ಟಿದೆ, ನನ್ನ ಮೇಲೂ ಇದೆ.

ಮೂರನೇ ಹಂತದ ಹದ್ದು ನನ್ನದೇ ತಪ್ಪು. ರಾಗವೂ ನನ್ನದೇ. ಅವಕ್ಕೆ ಯಾರ ಮೇಲೂ ಗೂಬೆ ಕೂರಿಸುವುದಿಲ್ಲ.

ಕಂಪನಿಯವರು ಹೊಸ ಸೂಚನೆ ಬರೆದುಕೊಡಿ ಎಂದಿದ್ದಾರೆ. ನನ್ನ ಸಾಲುಗಳನ್ನು ನಾನು ಬರೆದ ಹಾಗೆಯೇ ಕಳಿಸುತ್ತಿದ್ದೇನೆ. ನಿನಗೆ ತೋರಿಸುವುದಿಲ್ಲ. ತಪ್ಪಿದ್ದರೆ ಇರಲಿ.

ನಿನ್ನ ಕಾಗದ ಹತ್ತನೇ ತಾರೀಕಿನೊಳಗೆ ಅವರಿಗೆ ತಲುಪಬೇಕು, ಅಂಚೆಗೆ ಐದು ದಿನ ಹಿಡಿಯುತ್ತದೆ. ನೀನು ಕೇಳಿದ್ದನ್ನು ಬರೆದಿದ್ದೇನೆ. ಈಗ ಸಹಿ ಹಾಕು.

ತಮ್ಮ